ತೆಗೆಯುವ ಮುಂಚೆ ಕೇಳಬೇಕು

ಮುಂಬೈಯ ಆಂಟಾಪ್ ಹಿಲ್‌ನ ನಮ್ಮ ಚಾಳಿನ ವಠಾರಕ್ಕೆ ಸಮಾಜಸೇವೆಯವರು ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಾರಣ ಶೀತಲ್. ಬೊರಿವಲಿಯ ಕಾಲೇಜು ಹುಡುಗಿ, ಯಾವುದೋ ಸಂಸ್ಥೆಯ ಕಡೆಯವಳು. ಶನಿವಾರ ಸಂಜೆ ನೀರಿನ ಟಾಕಿಯ ಕಟ್ಟೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಮೊಬೈಲಿನ ಪಾಠವನ್ನು ಆಟದ ಹಾಗೆ ಆಡಿಸುತ್ತಿದ್ದಳು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಮೊದಲ ದಿನವೇ ಓಡಿಸುತ್ತಿದ್ದೆವು.

ಪಕ್ಕದ ಖೋಲಿಯ ಲಕ್ಷ್ಮವ್ವ ಮಗಳು ರಂಜನಾಳನ್ನು ಅಲ್ಲಿಗೆ ಕಳಿಸಲು ಹಿಂದೆಮುಂದೆ ನೋಡಿದ್ದಳು. ಗಂಡ ಶೆಟ್ಟೆಪ್ಪ, ಇನ್ನೂ ಏಳನೇ ಇಯತ್ತೆಯಲ್ಲಿ ಓದುತ್ತಿದ್ದ ಆ ಕೂಸನ್ನು ತನ್ನ ಅಕ್ಕನ ಮಗನಿಗೆ ಕೊಡಲು ಮುಹೂರ್ತ ಇಡಿಸಿದ್ದ. ಲಕ್ಷ್ಮವ್ವ ಯಾರಿಗೂ ಹೇಳದೆ ಮಗಳನ್ನು ಕರೆದುಕೊಂಡು ವಿಜಯಪುರದಲ್ಲಿ ರೈಲು ಹತ್ತಿ, ಇಲ್ಲಿ ಮನೆಗೆಲಸ ಮಾಡುತ್ತ ತಲೆಮರೆಸಿಕೊಂಡಿದ್ದಳು.

"ಎವ್ವಾ, ಎಲ್ಲಾರೂ ಹೊಂಟಾರ. ನಾನೂ ಹೋಗ್ತೀನಬೇ" ಎಂದು ಹುಡುಗಿ ಅತ್ತಮೇಲೆ ಕಳಿಸಿದಳು.

ಆವತ್ತಿನ ಆಟವೇನು ಗೊತ್ತೇ? ಯಾರದೇ ಫೋಟೊ ತೆಗೆಯುವ ಮುಂಚೆ ಅವರನ್ನು ಕೇಳಬೇಕು. ಬೇಡ ಎಂದರೆ ಮೊಬೈಲು ಕೆಳಗಿಡಬೇಕು. ಗೆಳತಿಯರು ಎಷ್ಟು ಪುಸಲಾಯಿಸಿದರೂ ರಂಜನಾ ಸೊಂಟದ ಮೇಲೆ ಕೈಯಿಟ್ಟು "ಒಲ್ಲೆ ಅಂದ್ರ ಒಲ್ಲೆ" ಎಂದಳು. ಶೀತಲ್ ಬಹುಮಾನವಾಗಿ ಚಾಕೊಲೇಟು ಕೊಟ್ಟಳು, ಹುಡುಗಿ ಹಲ್ಲುಬಿಟ್ಟು ನಕ್ಕಳು. ಆ ನಗುವನ್ನು ಶೀತಲ್ ಯಾರನ್ನೂ ಕೇಳದೆ ಫೋಟೊ ತೆಗೆದು, ಹೆಸರು, ಏರಿಯಾ ಎಲ್ಲ ಬರೆದು ಸಂಸ್ಥೆಯ ಪೇಜಿಗೆ ಹಾಕಿದಳು. ಇಂಥ ಬುದ್ಧಿಗೆ ಏನೆನ್ನಬೇಕು?

ಫೋಟೊ ಮೊಬೈಲಿಂದ ಮೊಬೈಲಿಗೆ ದಾಟಿ ಊರು ಮುಟ್ಟಿತು. ಶೆಟ್ಟೆಪ್ಪ ಬಂದಾಗ ಲಕ್ಷ್ಮವ್ವ ಕೆಲಸಕ್ಕೆ ಹೋಗಿದ್ದಳು. ನಾವು ಅಡ್ಡ ನಿಂತೆವು.

"ನನ್ನ ಮಗಳನ್ನ ನಾ ಒಯ್ತೀನಿ. ನೀವ್ಯಾರ ಕೇಳಾಕ?" ಎನ್ನುತ್ತ ಎಳೆದುಕೊಂಡೇ ಹೋದ. ಪೊಲೀಸ್ ಚೌಕಿಯಲ್ಲಿ "ಬಾಪ್ ಹೈ ನಾ", ಅಪ್ಪನೇ ಅಲ್ಲವೇ, ಎಂದು ಕೈತೊಳೆದುಕೊಂಡರು. ಲಕ್ಷ್ಮವ್ವ ಊರಿಗೆ ಓಡಿ ಹೋಗುವಷ್ಟರಲ್ಲಿ ಮದುವೆ ಮುಗಿದಿತ್ತು. ಮಗಳ ಮುಖವನ್ನೂ ತೋರಿಸದೆ ಬಾಗಿಲಿಂದಲೇ ಅಟ್ಟಿದರು.

ತಿರುಗಿ ಬಂದವಳು ದಿನಾ ನನ್ನ ಖೋಲಿಗೆ ಬಂದು, ನನ್ನ ಮೊಬೈಲಿನಲ್ಲಿ ಆ ಹಾಳು ಪೇಜು ತೆರೆಸಿ ಮಗಳ ಫೋಟೊ ನೋಡುತ್ತ ಕೂರುತ್ತಿದ್ದಳು.

ಸುದ್ದಿ ತಡವಾಗಿ ತಿಳಿದು ಶೀತಲ್ ಅಳುತ್ತ ಬಂದಳು.

"ಆಂಟಿ, ಸಾರಿ. ಫೋಟೊ ತೆಗೆದುಬಿಟ್ಟೆ. ಪೂರಾ ಡಿಲೀಟ್ ಕರ್ ದಿಯಾ. ಈಗ ಯಾರಿಗೂ ಕಾಣಲ್ಲ."

ಲಕ್ಷ್ಮವ್ವ ನನ್ನ ಮೊಬೈಲನ್ನು ಕೆಳಗಿಟ್ಟಳು.

"ಹಾಕೂಮುಂದ ಕೇಳಲಿಲ್ಲ. ತಗಿಯೂಮುಂದರ ಕೇಳಬಾರದಿತ್ತೇನ ತಂಗಿ? ನನ್ನ ಕಡೆ ಅಕಿದು ಇನ್ನೊಂದು ಫೋಟೊ ಇಲ್ಲ."