ಅಮ್ಮಿಯ ನೆಟಿಗೆ

ಅಬ್ಬಾ ತೀರಿಕೊಂಡ ಸುದ್ದಿಯನ್ನು ಅಣ್ಣನಿಗೆ ತಾನೇ ಹೇಳಬೇಕು, ಅದೂ ಅವನ ಕೈ ಹಿಡಿದುಕೊಂಡು, ಎಂದು ಅಮ್ಮಿ ಹಟ ಹಿಡಿದಿದ್ದಳು.

ಅಬ್ಬಾ ಸೂಲಿಬೆಲೆಯಲ್ಲಿ ಹಾಲಿನ ಕ್ಯಾನುಗಳ ಟೆಂಪೋ ಓಡಿಸುತ್ತಿದ್ದರು. ಶುಕ್ರವಾರ ಸಂಜೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಶನಿವಾರ ಬೆಳಿಗ್ಗೆ ಮಣ್ಣು ಮಾಡಿದೆವು. ಜೈಲಿನಲ್ಲಿದ್ದ ಅಣ್ಣ ಅಫ್ಸರ್‌ನನ್ನು ಕರೆಸಲು ಅರ್ಜಿ ಹಾಕೋಣವೆಂದರೆ ಕೋರ್ಟು ತೆರೆಯುವುದು ಸೋಮವಾರ. ಸಂತೆಯಲ್ಲಾದ ಒಂದು ಹೊಡೆದಾಟದ ಕೇಸಿನಲ್ಲಿ ಅವನು ಒಳಗೆ ಹೋಗಿ ಎರಡು ವರ್ಷವಾಗಿತ್ತು. ಜಾಮೀನು ಎರಡು ಸಲ ತಿರಸ್ಕಾರವಾಗಿತ್ತು. ಸಾಕ್ಷಿ ಹೇಳಬೇಕಾದವರು ಒಂದು ತಾರೀಖಿಗೂ ಬಂದಿರಲಿಲ್ಲ.

ಮಂಗಳವಾರ ಜೈಲಿನಿಂದ ಅವನ ಫೋನ್ ಬಂತು. ಅಬ್ಬಾ ಎಲ್ಲಿ ಎಂದ. ನಮಾಜಿಗೆ ಹೋಗಿದ್ದಾರೆ ಎಂದೆ. ಅದು ಯಾವ ನಮಾಜಿನ ಹೊತ್ತೂ ಆಗಿರಲಿಲ್ಲ. ಅವನು ಅದನ್ನು ಗಮನಿಸಿದನೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು.

ಗುರುವಾರ ಅವನ ತಾರೀಖು. ಅಮ್ಮಿ ಬುರ್ಖಾ ತೊಡುವಾಗ ಚಿಕ್ಕಪ್ಪನ ಹೆಂಡತಿ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ಗಂಡ ಹೋಗಿ ಇದ್ದತ್‌ನಲ್ಲಿರೋರು ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟಬಾರ್ದು ಭಾಬಿ. ಜನ ಏನಂತಾರೆ?"

"ಜನ ಬಂದು ನನ್ನ ಮಗನಿಗೆ ಹೇಳ್ತಾರಾ?"

ಗಂಡ ಹೋದ ದಿನವೇ ಅಮ್ಮಿಯ ಹಸಿರು ಗಾಜಿನ ಬಳೆಗಳನ್ನು ತೆಗೆಸಿದ್ದರು. "ಕೈ ನೋಡಿದ್ರೆ ಅವನಿಗೆ ಗೊತ್ತಾಗ್ಬಿಡುತ್ತೆ. ಮೊದಲು ನಾನು ಬಾಯಿಬಿಟ್ಟು ಹೇಳ್ಬೇಕು" ಎಂದು ಬುರ್ಖಾದ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡಳು.

ಪ್ರತಿ ತಾರೀಖಿಗೂ ಪೊಲೀಸ್ ವ್ಯಾನು ಬಂದಮೇಲೆ ಅಣ್ಣನನ್ನು ಕೋರ್ಟಿನ ವರಾಂಡದ ಬೆಂಚಿನಲ್ಲಿ ಕೂರಿಸುತ್ತಿದ್ದರು. ಕಾವಲಿಗಿದ್ದ ಪೇದೆ ಪಿಳ್ಳಪ್ಪ, "ನಂಗೆ ಬೆನ್ನಲ್ಲಿ ಕಣ್ಣಿಲ್ಲ ಕಣಮ್ಮ, ಎರಡೇ ನಿಮಿಷ" ಎಂದು ಅತ್ತ ತಿರುಗಿ ನಿಲ್ಲುತ್ತಿದ್ದ. ಅಮ್ಮಿ ಎರಡೂ ಕೈಗಳಿಂದ ಮಗನ ಮುಖ ಸವರಿ, ಬೆರಳುಗಳನ್ನು ತನ್ನ ಹಣೆಯ ಎರಡೂ ಬದಿಗೆ ಒತ್ತಿ ನೆಟಿಗೆ ಮುರಿಯುತ್ತಿದ್ದಳು.

"ಜೈಲಲ್ಲಿರೋನಿಗೆ ಯಾರ ದೃಷ್ಟಿ ತಾಗುತ್ತೆ ಅಮ್ಮಿ?" ಎಂದು ಅಣ್ಣ ನಗುತ್ತಿದ್ದ.

ಅವತ್ತು ವ್ಯಾನು ಬರಲೇ ಇಲ್ಲ. ಪಿಳ್ಳಪ್ಪ ಮಾತ್ರ ಬೇರೆ ಯಾವುದೋ ಕೆಲಸಕ್ಕೆ ಬಂದಿದ್ದ.

"ಈ ತಿಂಗಳಿಂದ ವ್ಯಾನ್ ಇಲ್ಲ ಕಣಮ್ಮ. ಜೈಲಿಂದ್ಲೇ ಟಿವಿನಾಗೆ ತೋರಿಸ್ತಾರೆ. ಪೊಲೀಸ್ ಸಿಗ್ಲಿಲ್ಲ, ಗಾಡಿ ಸಿಗ್ಲಿಲ್ಲ ಅಂತ ತಾರೀಖು ಮುಂದಕ್ಕೆ ಹೋಗೋದು ತಪ್ತದೆ. ಒಳ್ಳೇದೇ ಬಿಡಿ." ಆಮೇಲೆ ಅಮ್ಮಿಯ ಮುಖ ನೋಡಿ ನನ್ನ ಕಡೆ ತಿರುಗಿದ. "ಏನಾಯ್ತವ್ವಾ?"

ಹೇಳಿದೆ. ಅವನು ಟೋಪಿ ತೆಗೆದು ಖಾಲಿ ಬೆಂಚನ್ನು ನೋಡುತ್ತ ನಿಂತ.

ನಮಗೆ ಉಚಿತವಾಗಿ ವಾದಿಸುತ್ತಿದ್ದ ವಕೀಲೆ ಪ್ರಮೋದಾ ಅಮ್ಮಿಯ ಹತ್ತಿರ ಕೂತರು. "ಇವತ್ತು ಹೇಳ್ಬೇಡಿ ಅಮ್ಮಾ. ಅಲ್ಲಿ ಅವನ ಪಕ್ಕ ನಮ್ಮೋರು ಯಾರೂ ಇಲ್ಲ. ಮುಂದಿನ ಸಲ ಖುದ್ದಾಗಿ ಕರೆಸೋಕೆ ಅರ್ಜಿ ಹಾಕ್ತೀನಿ."

ಅಮ್ಮಿ ತೋಳನ್ನು ಮತ್ತೊಮ್ಮೆ ಬೆರಳ ತುದಿಯವರೆಗೆ ಎಳೆದುಕೊಂಡಳು. "ಸರಿ. ಮುಖ ನೋಡ್ತೀನಿ, ಅಷ್ಟೇ."

ಕೇಸು ಕೂಗಿದಾಗ ನಾವು ಪ್ರಮೋದಾ ಅವರ ಪಕ್ಕ, ಕ್ಯಾಮೆರಾಕ್ಕೆ ಕಾಣುವಂತೆ ನಿಂತೆವು. ಗೋಡೆಯ ಪರದೆಯಲ್ಲಿ ಅಣ್ಣ ಕುರ್ಚಿಯ ಮೇಲೆ ಕೂತಿದ್ದ. ತಲೆ ಬೋಳಿಸಿದ್ದರು. ಸಾಕ್ಷಿ ಅವತ್ತೂ ಬಂದಿರಲಿಲ್ಲ. ನ್ಯಾಯಾಧೀಶರು ಮುಂದಿನ ತಾರೀಖು ಬರೆಸತೊಡಗಿದರು. ಮೈಕು ಆಫ್ ಆಗಿತ್ತು. ಅಣ್ಣನ ತುಟಿ ಅಲುಗಿತು. ಅಮ್ಮಿ ಎಂದಿರಬೇಕು.

ಅಮ್ಮಿಯ ಕೈಗಳು ತಾವಾಗಿಯೇ ಎದ್ದವು. ಪರದೆ ಎತ್ತರದಲ್ಲಿತ್ತು. ಅವಳು ತುದಿಗಾಲಲ್ಲಿ ನಿಂತು ಗಾಳಿಯಲ್ಲೇ ಅವನ ಮುಖ ಸವರಿ, ಹಣೆಯ ಬದಿಗೆ ಕೈ ಒತ್ತಿ ನೆಟಿಗೆ ಮುರಿದಳು. ಲಟಲಟ ಸದ್ದಿಗೆ ಗುಮಾಸ್ತರು ತಲೆಯೆತ್ತಿದರು. ಬುರ್ಖಾದ ತೋಳು ಮೊಣಕೈವರೆಗೆ ಜಾರಿತ್ತು.

ನಗಲು ಹೊರಟಿದ್ದ ಅಣ್ಣ ಅರ್ಧಕ್ಕೇ ನಿಲ್ಲಿಸಿದ. ಕ್ಯಾಮೆರಾದ ಕಡೆ ಬಾಗಿದ. ಮುಖ ದೊಡ್ಡದಾಯಿತು. ತನ್ನ ಎಡ ಮಣಿಕಟ್ಟನ್ನು ಬಲಗೈ ಬೆರಳುಗಳಿಂದ ಬಳೆಯ ಹಾಗೆ ಸುತ್ತಿ ತೋರಿಸಿದ.

ಅಮ್ಮಿ ಗಡಬಡಿಸಿ ತೋಳು ಎಳೆದುಕೊಂಡಳು. ಅವನು ನನ್ನನ್ನು ನೋಡಿದ. ಫೋನಿನಲ್ಲಿ ಹೇಳಿದಂಥ ಸುಳ್ಳನ್ನು ಆ ಮುಖಕ್ಕೆ ಹೇಳಲಾಗಲಿಲ್ಲ. ತಲೆ ತಗ್ಗಿಸಿದೆ.

ಮತ್ತೆ ನೋಡಿದಾಗ ಅವನ ಬಾಯಿ ತೆರೆದಿತ್ತು. ಸದ್ದಿರಲಿಲ್ಲ. ಹಿಂದಿನಿಂದ ಯಾರದೋ ಕೈ ಅವನ ಭುಜದ ಮೇಲೆ ಬಿತ್ತು. ಕುರ್ಚಿ ಖಾಲಿಯಾಯಿತು. ಮುಂದಿನ ಕೇಸಿನವನು ಬಂದು ಕೂತ.

ಬಸ್ಸಿನಲ್ಲಿ ಅಮ್ಮಿ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಹೊಸಕೋಟೆ ದಾಟಿದ ಮೇಲೆ ಕೇಳಿದಳು.

"ಆ ಭುಜದ ಮೇಲೆ ಬಿತ್ತಲ್ಲ ಕೈ, ಯಾರದು ನೌರೀನ್? ಎಬ್ಬಿಸೋಕೆ ಇಟ್ಟಿದ್ದಾ, ಸಮಾಧಾನಕ್ಕಾ?"

"ಸಮಾಧಾನಕ್ಕೆ ಅಮ್ಮಿ," ಎಂದೆ.