ಗದ್ದಲವಿಲ್ಲದ ಹೋಟೆಲು

"ಶನಿವಾರ ಬೆಳಿಗ್ಗೆ ಬರ್ತೀನಿ, ಭಾನುವಾರ ಸಂಜೆ ಟ್ರೈನಿಗೆ ವಾಪಸ್. ನೀನು ಅಡುಗೆ ಗಿಡುಗೆ ಅಂತ ಒದ್ದಾಡಬೇಡ. ಹೊರಗೇ ಊಟ ಮಾಡೋಣ. ಒಳ್ಳೆ ಹೋಟೆಲ್ ನೋಡಿಡು."

ಫೋನಿನಲ್ಲಿ ಹೀಗೆ ಹೇಳುತ್ತಿರುವುದು ತನ್ನ ಅಮ್ಮನೇ ಹೌದೋ ಅಲ್ಲವೋ ಎಂದು ಪುಟ್ಟಿಗೆ ಅನುಮಾನ ಬಂತು. ಅಮ್ಮನದು ಸಣ್ಣ ಊರಿನಲ್ಲಿ ಸಣ್ಣ ಹೊಲಿಗೆ ಅಂಗಡಿ. ಎಲ್ಲಿಗಾದರೂ ಹೊರಟರೆ ಮೊದಲು ಊಟದ ಡಬ್ಬಿ ಕಟ್ಟಿ, ಆಮೇಲೆ ಬಟ್ಟೆ ಮಡಿಸುವವಳು. ಹೋಟೆಲ್ ಎಂದರೆ ಸಾಕು, "ಅದೇ ಎಣ್ಣೇನ ಎಷ್ಟು ಸಲ ಕಾಯಿಸ್ತಾರೋ ಏನೋ" ಎಂದು ಮೂಗು ಮುರಿಯುವವಳು.

"ಇನ್ನೊಂದು ಮಾತು," ಎಂದಳು ಅಮ್ಮ. "ಗದ್ದಲ ಇರಬಾರ್ದು. ಬೆಳಕು ಚೆನ್ನಾಗಿರ್ಬೇಕು. ಗೋಡೆ ಪಕ್ಕದ ಟೇಬಲ್ ಆದ್ರೆ ಒಳ್ಳೇದು."

"ಯಾಕಮ್ಮಾ, ಕಣ್ಣಿಗೇನಾದ್ರೂ ಆಗಿದ್ಯಾ?"

"ಕಣ್ಣಿಗೇನಾಗಿದೆ, ದಾರ ಇನ್ನೂ ಒಂದೇ ಸಲಕ್ಕೆ ಪೋಣಿಸ್ತೀನಿ. ನಿನ್ನ ಹತ್ರ ಸ್ವಲ್ಪ ಮಾತಾಡೋದಿದೆ, ಅಷ್ಟೇ."

ಫೋನ್ ಇಟ್ಟ ಮೇಲೂ ಆ ಕೊನೆಯ ಮಾತು ಪುಟ್ಟಿಯ ಎದೆಯಲ್ಲಿ ಕೂತುಬಿಟ್ಟಿತು. ಅಪ್ಪನ ಕಾಯಿಲೆಯ ಸುದ್ದಿಯನ್ನೂ ಅಮ್ಮ ಹೀಗೇ ಶುರು ಮಾಡಿದ್ದಳು. ಆಗ ಪುಟ್ಟಿ ಇನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗಿ. ಈಗ ಮೂವತ್ತು ದಾಟಿದೆ, ಈ ಮಹಾನಗರದ ನಟ್ಟನಡುವೆ ದಿನವೂ ಸಿಟಿ ಬಸ್ಸು ಓಡಿಸುತ್ತಾಳೆ. ಅಮ್ಮನಿಗೆ ಮಾತ್ರ ಇನ್ನೂ ಪುಟ್ಟಿಯೇ.

ಹೋಟೆಲುಗಳನ್ನೆಲ್ಲ ಅವಳು ಡ್ರೈವರ್ ಸೀಟಿನಿಂದ ಬಲ್ಲಳು. ಯಾವುದರ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಾರೆ, ಯಾವುದರ ಅಡುಗೆಯವರು ಹಿಂದಿನ ಗಲ್ಲಿಯಲ್ಲಿ ಬೀಡಿ ಸೇದುತ್ತಾರೆ, ಯಾವುದರ ಚಪ್ಪರ ಬಸ್ಸಿನ ಕನ್ನಡಿಗೆ ತಾಗುತ್ತದೆ, ಎಲ್ಲ ಗೊತ್ತು. ಒಳಗೆ ಹೋಗಿ ಕೂತದ್ದು ಮಾತ್ರ ಇಲ್ಲ. ಅದಕ್ಕೇ ಡಿಪೋದ ಮೆಕ್ಯಾನಿಕ್‌ನನ್ನು ಕೇಳಿದಳು. ಊಟದ ವಿಷಯದಲ್ಲಿ ಡಿಪೋದಲ್ಲಿ ಅವನ ಮಾತೇ ಕೊನೆ.

"ಮಧ್ಯಾಹ್ನಕ್ಕೆ ಸೇತುವೆ ಪಕ್ಕದ ಹೋಟೆಲ್," ಎಂದ ಅವನು, ಬಸ್ಸಿನ ಅಡಿಯಿಂದ ತಲೆ ಮಾತ್ರ ಹೊರಗೆ ಹಾಕಿ. "ಜನ ಕ್ಯೂ ನಿಲ್ತಾರೆ ಅಂದ್ರೆ ಸುಮ್ನೆನಾ? ಸಂಜೆಗೆ ಆ ಎತ್ತರದ ಕಟ್ಟಡದ ತುದೀಲಿರೋದು. ಭಾನುವಾರಕ್ಕೆ ನದಿ ದಂಡೆ ಗಾಜಿನ ಹೋಟೆಲ್. ಅಮ್ಮ ಬಾಯಿ ಬಿಟ್ಕೊಂಡು ನೋಡ್ಬೇಕು."

ಗದ್ದಲ, ಬೆಳಕು, ಗೋಡೆ ಎಂದು ಅಮ್ಮ ಹೇಳಿದ್ದೆಲ್ಲ ಪುಟ್ಟಿಗೆ ನೆನಪಿತ್ತು. ಆದರೆ ಅಮ್ಮನಿಗೆ ಏನೋ ಆಗಿದೆ, ಅದನ್ನು ಹೇಳಲಿಕ್ಕೇ ಬರುತ್ತಿದ್ದಾಳೆ ಎಂಬುದು ಅವಳ ಮನಸ್ಸಿನಲ್ಲಿ ಗಟ್ಟಿಯಾಗಿಬಿಟ್ಟಿತ್ತು. ಹಾಗಿದ್ದರೆ ಊರಿಗೇ ದೊಡ್ಡದೆನಿಸಿದ ಹೋಟೆಲಿನಲ್ಲಿ ಅವಳನ್ನು ಕೂರಿಸಬೇಕು. ಮೂರನ್ನೂ ಬುಕ್ ಮಾಡಿದಳು.

ಶನಿವಾರ ಅಮ್ಮ ರೈಲಿನಿಂದ ಇಳಿದದ್ದು ತಾನೇ ಹೊಲಿದ ಹೊಸ ನೀಲಿ ಕೋಟು ತೊಟ್ಟು. ಕೆನ್ನೆ ತುಂಬಿಕೊಂಡಿತ್ತು. ಕಾಯಿಲೆಯವಳ ಹಾಗೆ ಕಾಣಲೇ ಇಲ್ಲ. ಅವಳ ಹಿಂದೆ, ಅವಳ ಬ್ಯಾಗನ್ನೂ ಹಿಡಿದುಕೊಂಡು, ಎತ್ತರದ ತೆಳ್ಳನೆಯ ಮನುಷ್ಯರೊಬ್ಬರು ಇಳಿದರು.

"ಇವರು ನಮ್ಮ ಪಕ್ಕದ ಅಂಗಡಿಯವರು. ಗಡಿಯಾರ ರಿಪೇರಿ ಮಾಡ್ತಾರೆ. ಇವರಿಗೂ ಇಲ್ಲಿ ಏನೋ ಕೆಲಸ ಇತ್ತು, ಜೊತೇಲೇ ಬಂದ್ವಿ," ಎಂದು ಅಮ್ಮ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಗಡಿಯಾರದವರು ನಕ್ಕರು. ಒಂದು ಕಿವಿಯಲ್ಲಿ ಶ್ರವಣಯಂತ್ರವಿತ್ತು. ಅಂಗಿಯ ಕಾಲರಿನ ಹೊಲಿಗೆ ಅಮ್ಮನ ಕೈಯದೇ ಎಂದು ಪುಟ್ಟಿಗೆ ನೋಡಿದೊಡನೆ ತಿಳಿಯಿತು. ಗಿರಾಕಿ ಇರಬೇಕು ಎಂದುಕೊಂಡಳು. ಆದರೆ ಏನೋ ಕೆಲಸವಿದೆ ಎಂದ ಮನುಷ್ಯ ಅತ್ತ ಹೋಗದೆ ತಮ್ಮೊಂದಿಗೇ ಹೋಟೆಲಿಗೆ ಬಂದಾಗ, ಇದೇನಪ್ಪಾ ಎನ್ನಿಸಿತು.

ಸೇತುವೆ ಪಕ್ಕದ ಹೋಟೆಲಿನ ಒಳಗೆ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು, ಹಾಗಿತ್ತು. ತಟ್ಟೆಗಳ ಸದ್ದು, ಕುರ್ಚಿ ಎಳೆಯುವ ಸದ್ದು, ಮಕ್ಕಳ ಕಿರುಚಾಟ, ಎಲ್ಲದರ ಮೇಲೆ ಟೋಕನ್ ನಂಬರು ಕೂಗುವ ಮೈಕು. ಅಮ್ಮ ಮಗಳ ಕಡೆ ಒಮ್ಮೆ ನೋಡಿದಳು.

"ಸೂಪ್ ತಗೋತೀರಾ?" ಪುಟ್ಟಿ ಗಡಿಯಾರದವರನ್ನು ಕೇಳಿದಳು.

"ಹೌದು ಹೌದು, ಸರಿಯಾದ ಟೈಮಿಗೇ ಬಂತು ಟ್ರೈನು."

"ಅಂಗಡಿ ಹೇಗೆ ನಡೀತಿದೆ?"

"ಉಪ್ಪು ಒಂಚೂರು ಕಮ್ಮಿ. ಪರ್ವಾಗಿಲ್ಲ."

ಅಮ್ಮ ಕರವಸ್ತ್ರದ ಹಿಂದೆ ನಕ್ಕಳು. ಪುಟ್ಟಿಗೆ ಸಿಟ್ಟು ಬರತೊಡಗಿತು. ಅಮ್ಮನ ಬಾಯಿಂದ ಆ ವಿಷಯ ಯಾವಾಗ ಬರುತ್ತದೋ ಎಂದು ಜೀವ ಕೈಯಲ್ಲಿ ಹಿಡಿದು ಕೂತಿದ್ದರೆ, ನಡುವೆ ಈ ಮಹಾಶಯರು.

ಕೈ ತೊಳೆಯಲು ಹೋದ ಗಡಿಯಾರದವರು ಹಿಂದಿರುಗುವಾಗ ದಾರಿ ತಪ್ಪಿ ಬೇರೊಂದು ಸಂಸಾರದ ಟೇಬಲಿಗೆ ಹೋಗಿ ಕೂತರು. ಕೂತವರು ಬುಟ್ಟಿಯಿಂದ ಒಂದು ಬ್ರೆಡ್ ತುಂಡನ್ನೂ ಎತ್ತಿಕೊಂಡರು. ಆ ಸಂಸಾರ ಕಣ್ಣು ಕಣ್ಣು ಬಿಟ್ಟಿತು. "ಸಾರ್, ಅದಲ್ಲ ನಿಮ್ ಟೇಬಲ್!" ಎಂದು ಸಪ್ಲೈಯರ್ ಕೂಗಿದ, ಮೈಕಿನವನೂ ಕೂಗಿದ. ಕೇಳಿಸಲಿಲ್ಲ.

ಅಮ್ಮ ಕೂತಲ್ಲಿಂದ ಅರ್ಧ ಎದ್ದಳು. ಅಷ್ಟೇನೂ ಜೋರಲ್ಲದ ದನಿಯಲ್ಲಿ, "ರೀ!" ಎಂದಳು.

ಗಡಿಯಾರದವರು ತಟ್ಟನೆ ತಿರುಗಿದರು.

ಪುಟ್ಟಿಯ ಚಮಚ ಬಾಯಿಗೂ ಬಟ್ಟಲಿಗೂ ನಡುವೆ ನಿಂತಿತು.

"ಅಮ್ಮಾ. ಈಗ ಏನಂದೆ?"

"ಏನಂದೆ? ರೀ ಅಂದೆ. ಗಿರಾಕಿಗಳಿಗೂ ಅಂತೀನಿ. ಎಲ್ಲರಿಗೂ ಅಂತೀನಿ."

"ಆ ರೀ ಬೇರೆ, ಈ ರೀ ಬೇರೆ."

ಅಮ್ಮ ಉಪ್ಪಿನ ಡಬ್ಬಿಯನ್ನು ಅತ್ತಿಂದಿತ್ತ ಸರಿಸಿದಳು. ಅಷ್ಟರಲ್ಲಿ ಬಂದು ಕೂತ ಗಡಿಯಾರದವರು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿ, "ಹೇಳಿಬಿಟ್ರಾ?" ಎಂದರು.

"ನಾನೆಲ್ಲಿ ಹೇಳ್ದೆ? ಬಾಯಿ ಜಾರ್ತು," ಎಂದಳು ಅಮ್ಮ. ಆಮೇಲೆ ಮಗಳ ಕಡೆ ತಿರುಗಿದಳು. "ನಾವಿಬ್ರೂ ಮದುವೆ ಆಗೋಣ ಅಂತಿದೀವಿ ಪುಟ್ಟಿ. ನೀನು ಒಪ್ಪಿದ್ರೆ."

ಪುಟ್ಟಿಗೆ ಮೊದಲು ಬಂದದ್ದು ನಗು, ಅದರ ಬೆನ್ನಿಗೇ ಅಳು. "ನಿನಗೇನೋ ದೊಡ್ಡ ಕಾಯಿಲೆ ಅಂತ ವಾರವಿಡೀ ನಿದ್ದೆ ಮಾಡಿಲ್ಲ ನಾನು! ಇದನ್ನ ಫೋನಲ್ಲಿ ಹೇಳೋಕೇನಾಗಿತ್ತು? ಇಲ್ಲ, ಮನೇಲಿ ಹೇಳ್ಬಾರ್ದಾ?"

"ಫೋನಲ್ಲಿ ಹೇಳಿದ್ರೆ ನೀನು ಇಟ್ಟುಬಿಡ್ತಿದ್ದೆ. ಮನೇಲಿ ಹೇಳಿದ್ರೆ ರೂಮಿಗೆ ಹೋಗಿ ಬಾಗಿಲು ಹಾಕ್ಕೊಳ್ತಿದ್ದೆ. ಹೋಟೆಲಲ್ಲಾದ್ರೆ ಊಟ ಮುಗಿಯೋವರೆಗೂ ಎದ್ದು ಹೋಗೋ ಹಾಗಿಲ್ಲವಲ್ಲ."

ಅದು ನಿಜವೇ ಆಗಿತ್ತು. ಎದ್ದು ಹೋಗಲಾಗದೆ ಪುಟ್ಟಿ ಆಮೇಲೆ ಬಂದ ಮೀನನ್ನೂ ಪೂರ್ತಿ ತಿಂದಳು. ತುಂಬ ರುಚಿಯಾಗಿತ್ತು, ಅದೂ ಅವಳಿಗೆ ಸಿಟ್ಟು ತರಿಸಿತು.

ಮಧ್ಯಾಹ್ನ ಮನೆಯಲ್ಲಿ ಗಡಿಯಾರದವರು ಸೋಫಾದ ಮೇಲೆ ಕಣ್ಣು ಮುಚ್ಚಿದಾಗ ಅಮ್ಮ ಅಡುಗೆಮನೆಗೆ ಬಂದಳು. ಮಗಳು ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು.

"ನಿನ್ನ ಮುಖ ಹೀಗೆ ಗಂಟು ಹಾಕ್ಕೊಂಡಿರೋದು ಅವರು ಬೇಡ ಅಂತಲೋ, ನಾನು ಮುಚ್ಚಿಟ್ಟೆ ಅಂತಲೋ?"

"ಮುಚ್ಚಿಟ್ಟೆ ಅಂತ. ಅವರು ಯಾರು ಅಂತಾನೇ ನನಗೆ ಗೊತ್ತಿಲ್ಲವಲ್ಲ, ಬೇಡ ಅನ್ನೋದೇನು ಬಂತು."

ಅಮ್ಮ ಒರೆಸುವ ಬಟ್ಟೆ ಎತ್ತಿಕೊಂಡಳು. "ನಿಮ್ಮಪ್ಪ ಹೋದ್ಮೇಲೆ ನನ್ನ ಹತ್ರ ಎಲ್ಲರೂ ಅಳತೆ ಕೊಡೋಕೆ ಬಂದ್ರು, ಮಾತು ಕೇಳೋಕೆ ಯಾರೂ ಬರ್ಲಿಲ್ಲ. ಇವರಿಗೆ ಕಿವಿ ಮಂದ. ಅದಕ್ಕೇ ನಾನು ಬಾಯಿ ತೆರೆದ್ರೆ ಕೈಲಿರೋ ಕೆಲಸ ಕೆಳಗಿಟ್ಟು ನನ್ನ ಮುಖಾನೇ ನೋಡ್ಕೊಂಡು ಕೇಳ್ತಾರೆ. ಹಾಗೆ ಕೇಳಿಸ್ಕೊಳ್ಳೋರ ಮುಂದೆ ಮಾತಾಡಿ ನೋಡು, ಆಮೇಲೆ ಬೇರೆ ಯಾರ ಹತ್ರಾನೂ ಮಾತು ಬರಲ್ಲ."

ಪುಟ್ಟಿ ನಲ್ಲಿ ನಿಲ್ಲಿಸಿದಳು. ಗದ್ದಲ ಬೇಡ, ಬೆಳಕು ಬೇಕು ಎಂದದ್ದು ಯಾರಿಗಾಗಿ ಎಂದು ಈಗ ಅವಳಿಗೆ ಹೊಳೆಯಿತು. ಸಂಜೆಯ ಹೋಟೆಲನ್ನು ನೆನೆದು ನಾಲಿಗೆ ಕಚ್ಚಿಕೊಂಡಳು. ಬದಲಾಯಿಸಲು ಹೊತ್ತು ಮೀರಿತ್ತು.

ಎತ್ತರದ ಕಟ್ಟಡದ ತುದಿಯಲ್ಲಿ ಸದ್ದೇನೋ ಇರಲಿಲ್ಲ, ಆದರೆ ಬೆಳಕೂ ಇರಲಿಲ್ಲ. ಟೇಬಲಿಗೊಂದು ಪುಟ್ಟ ಮೇಣದ ಬತ್ತಿ. ಕಿಟಕಿಯಾಚೆ ನಗರವೆಲ್ಲ ಝಗಝಗ, ಎದುರಿಗೆ ಕೂತವರ ಮುಖ ಮಾತ್ರ ಕಪ್ಪು. ಗಡಿಯಾರದವರು ಸ್ವಲ್ಪ ಹೊತ್ತು ತಡಕಾಡಿದರು. ಆಮೇಲೆ ಜೇಬಿನಿಂದ ತಮ್ಮ ಕೆಲಸದ ಸಣ್ಣ ಟಾರ್ಚು ತೆಗೆದು ಹೊತ್ತಿಸಿ, ಖಾಲಿ ಲೋಟದಲ್ಲಿ ನಿಲ್ಲಿಸಿದರು. ಟೇಬಲ್ಲು ಅಂಗಡಿಯ ಹಾಗೆ ಬೆಳಗಿತು.

ಕಪ್ಪು ಕೋಟಿನ ಸಪ್ಲೈಯರ್ ಓಡಿ ಬಂದ. "ಸಾರ್, ಕ್ಷಮಿಸಿ, ಇಲ್ಲಿ ಬೆಳಕು ಕಮ್ಮಿ ಇರೋದೇ ವಿಶೇಷ."

"ವಿಶೇಷ ಚೆನ್ನಾಗಿದೆಯಪ್ಪಾ," ಎಂದರು ಗಡಿಯಾರದವರು. "ತಟ್ಟೇಲಿ ಏನಿದೆ ಅಂತ ನೋಡ್ಕೊಂಡು ಟಾರ್ಚ್ ಆರಿಸಿಬಿಡ್ತೀನಿ."

ಪಕ್ಕದ ಟೇಬಲಿನಿಂದ ವಯಸ್ಸಾದ ಹೆಂಗಸೊಬ್ಬರು ಬಾಗಿದರು. "ನೋಡಿದ್ಮೇಲೆ ಈ ಕಡೆ ಒಂಚೂರು ಕೊಡ್ತೀರಾ? ನಾನು ತಿಂತಿರೋದು ಅಣಬೆನೋ ಮಾಂಸನೋ ಆಗ್ಲಿಂದ ಗೊತ್ತಾಗ್ತಿಲ್ಲ."

ಟಾರ್ಚು ಆ ಟೇಬಲಿಗೆ ಹೋಯಿತು. ಅಲ್ಲಿಂದ ಅದರಾಚೆಯ ಟೇಬಲಿಗೆ. ಸಪ್ಲೈಯರ್ ಅದರ ಹಿಂದೆ ಹಿಂದೆಯೇ ನಡೆದ. ಇತ್ತ ಮತ್ತೆ ಕತ್ತಲು. ಗಡಿಯಾರದವರು ಯಾರ ತುಟಿಯ ಮೇಲಿನ ಮಾತೂ ಕಾಣದೆ ಸುಮ್ಮನೆ ನಗುತ್ತಾ ಕೂತರು. ಮೇಣದ ಬತ್ತಿಯ ಮಿಣುಕಿನಲ್ಲಿ ಆ ನಗುವನ್ನು ಕಂಡ ಪುಟ್ಟಿ ತನ್ನ ಫೋನಿನ ಬೆಳಕು ಹೊತ್ತಿಸಿ, ಅದನ್ನು ತನ್ನ ಮುಖಕ್ಕೇ ಹಿಡಿದುಕೊಂಡಳು. ಬಿಡಿಸಿ ಬಿಡಿಸಿ ಕೇಳಿದಳು:

"ನಮ್ಮಮ್ಮ ಸಿಟ್ಟಲ್ಲಿ ಬೈಯೋವಾಗ ಏನ್ ಮಾಡ್ತೀರಾ?"

ಗಡಿಯಾರದವರು ಗಂಭೀರವಾಗಿ ಯೋಚಿಸಿದರು. "ಕಣ್ಣು ಮುಚ್ಕೊಂಡುಬಿಡ್ತೀನಿ."

ಅಮ್ಮ ಅವರ ತೋಳಿಗೆ ಒಂದು ಬಿಟ್ಟಳು. ಪುಟ್ಟಿ ಕೈಲಿದ್ದ ಫೋನು ಅಲ್ಲಾಡುವಷ್ಟು ನಕ್ಕಳು.

ಭಾನುವಾರ ಬೆಳಿಗ್ಗೆ ಅವಳು ಗಾಜಿನ ಹೋಟೆಲಿಗೆ ಫೋನ್ ಮಾಡಿ ಬುಕಿಂಗ್ ರದ್ದು ಮಾಡಿದಳು. ಆಮೇಲೆ ತನ್ನ ಬಸ್ಸಿನ ದಾರಿಯನ್ನು ಮೊದಲ ಸ್ಟಾಪಿನಿಂದ ಕೊನೆಯ ಸ್ಟಾಪಿನವರೆಗೆ ಮನಸ್ಸಿನಲ್ಲೇ ಓಡಿಸಿದಳು. ಕೊನೆಯ ಸ್ಟಾಪಿನ ಎದುರು, ಗಿಡ ಮಾರುವ ಅಂಗಡಿಯ ಮಹಡಿಯ ಮೇಲೆ, ಅಕ್ಕ ತಂಗಿ ಇಬ್ಬರು ನಡೆಸುವ ಒಂದು ಸಣ್ಣ ಹೋಟೆಲಿತ್ತು. ಬಸ್ಸು ತಿರುಗಿಸುವಾಗ ದಿನವೂ ಕಾಣುವ ಅಗಲದ ಕಿಟಕಿ, ಟೇಬಲುಗಳ ಮೇಲೆ ತಟ್ಟೆಯ ಸದ್ದು ಅಡಗಿಸುವಂಥ ದಪ್ಪ ಬಟ್ಟೆ. "ಹಾಲು ತರ್ತೀನಿ" ಎಂದು ಹೇಳಿ ಒಬ್ಬಳೇ ಅಲ್ಲಿಗೆ ಹೋದಳು.

ಅಕ್ಕ ಆಗಷ್ಟೇ ಟೇಬಲುಗಳ ಮೇಲಿಂದ ಕುರ್ಚಿ ಇಳಿಸುತ್ತಿದ್ದರು. ಪುಟ್ಟಿ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು, "ಅಲ್ಲಿಂದ ಏನಾದ್ರೂ ಹೇಳಿ ನೋಡೋಣ," ಎಂದಳು.

"ಏನು ಹೇಳ್ಲಿ?"

"ಏನಾದ್ರೂ."

"ಬಂದವರು ಬಾಗಿಲು ಹಾಕ್ಕೊಂಡು ಬರ್ಬೇಕು, ಗಾಳಿ ಬರ್ತಿದೆ."

ಸ್ಪಷ್ಟವಾಗಿ ಕೇಳಿಸಿತು. ಎದ್ದು ಹೋಗಿ ಬಾಗಿಲು ಹಾಕಿ ಬಂದು, ಅಡುಗೆಮನೆಯ ಫ್ಯಾನು ಊಟದ ಹೊತ್ತಿಗೆ ನಿಲ್ಲಿಸಬಹುದೇ ಎಂದು ಕೇಳಿದಳು. ಯಾಕೆ ಎಂದದ್ದಕ್ಕೆ, "ನಮ್ಮಮ್ಮ ಮದುವೆ ಆಗ್ತಿದ್ದಾರೆ," ಎಂದಳು. ಆ ಮಾತನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಹಗುರವಾಯಿತು. ಒಳಗಿನಿಂದ ತಂಗಿ ಕೈ ಒರೆಸಿಕೊಳ್ಳುತ್ತಾ ಬಂದು, ಫ್ಯಾನು ನಿಲ್ಲಿಸೋಣ, ಬೇಕಾದರೆ ಒಗ್ಗರಣೆಯನ್ನೂ ಮೆಲ್ಲಗೆ ಹಾಕೋಣ ಎಂದರು.

ಮಧ್ಯಾಹ್ನ ಆ ಟೇಬಲಿನ ಮೇಲೆ ಬಿಸಿಲು ಅಂಗೈಯಗಲ ಚೆಲ್ಲಿತ್ತು. ಪುಟ್ಟಿ ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ಕೂತಳು. ಮೊದಲ ಬಾರಿ ಗಡಿಯಾರದವರಿಗೆ ಎಲ್ಲವೂ ಕೇಳಿಸಿತು. ಕೇಳಿಸಿದ್ದೇ ತಡ, ಅವರು ಮಾತು ಶುರು ಮಾಡಿದರು. ಊರಿನ ಶಾಲೆಯ ಗಡಿಯಾರ ಮುಂದೆ ಓಡಿ ಮಕ್ಕಳನ್ನು ಬೇಗ ಮನೆಗೆ ಕಳಿಸಿದ ಕಥೆ, ಗೋಡೆ ಗಡಿಯಾರದೊಳಗೆ ಸಂಸಾರ ಹೂಡಿದ್ದ ಇಲಿಯ ಕಥೆ, ಅಮ್ಮ ಮೊದಲ ಸಲ ಅಂಗಿ ಅಳತೆ ತೆಗೆದುಕೊಂಡಾಗ ತಾವು ಉಸಿರು ಬಿಗಿ ಹಿಡಿದು, ಹೊಲಿದ ಅಂಗಿ ಬಿಗಿಯಾದ ಕಥೆ. ಸೂಪು ಆರಿತು. ಅಮ್ಮನಿಗೆ ಒಂದು ಮಾತು ಸೇರಿಸಲೂ ಸಂದು ಸಿಗಲಿಲ್ಲ.

"ಗದ್ದಲ ಇಲ್ಲದ ಹೋಟೆಲ್ ಹುಡುಕಿದ್ರೆ, ಗದ್ದಲಾನ ಇವರೇ ಜೊತೆಗೆ ತಂದಿದಾರಲ್ಲಮ್ಮಾ!" ಎಂದಳು ಪುಟ್ಟಿ.

ಗಡಿಯಾರದವರು ನಾಚಿ ಚಮಚ ಎತ್ತಿಕೊಂಡರು. ಒಂದೆರಡು ಗುಟುಕು ಕುಡಿದು ಮೆಲ್ಲಗೆ ಹೇಳಿದರು. "ನೀವು ನನ್ನನ್ನ ಏನಂತ ಕರೆದ್ರೂ ಸರಿ. ಕರೀದಿದ್ರೂ ಸರಿ."

"ಅಪ್ಪ ಅಂತ ನನ್ನ ಬಾಯಲ್ಲಿ ಬರಲ್ಲ."

"ಬೇಡಮ್ಮ. ಅದು ಅವರದೇ. ಅದನ್ನ ಕೇಳೋಕೆ ನಾನು ಬಂದಿಲ್ಲ."

ಹುರಿದ ಕೋಳಿ ಬಂತು, ಜೊತೆಗೆ ಬಿಸಿ ಬ್ರೆಡ್ಡು. ಬುಟ್ಟಿ ಗಡಿಯಾರದವರ ಮಗ್ಗುಲಲ್ಲಿತ್ತು.

"ಚಿಕ್ಕಪ್ಪಾ, ಆ ಬ್ರೆಡ್ ಸ್ವಲ್ಪ ಈ ಕಡೆ," ಎಂದಳು ಪುಟ್ಟಿ, ತಟ್ಟೆಯಿಂದ ಕಣ್ಣೆತ್ತದೆ.

ತಲೆ ತಗ್ಗಿಸಿ ಆಡಿದ ಮಾತು ಅವರಿಗೆ ಕೇಳಿಸಿತೋ ಇಲ್ಲವೋ. ಅಮ್ಮ ಮೊಣಕೈಯಿಂದ ತಿವಿದು, ಅವರ ಕಡೆ ಮುಖ ಮಾಡಿ, ಆ ಒಂದು ಶಬ್ದವನ್ನು ಮತ್ತೆ ಹೇಳಿದಳು. ಗಡಿಯಾರದವರು ಬುಟ್ಟಿಯನ್ನೇ ಎತ್ತಿ ಪುಟ್ಟಿಯ ಮುಂದಿಟ್ಟರು. ಸಾಲದು ಎನ್ನುವಂತೆ ತಮ್ಮ ತಟ್ಟೆಯಲ್ಲಿದ್ದ ಬ್ರೆಡ್ಡನ್ನೂ ಅದಕ್ಕೆ ಹಾಕಿದರು.

"ಮದುವೆ ಯಾವತ್ತು?" ಪುಟ್ಟಿ ಕೇಳಿದಳು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಅವಳಿಗೆ ಹೇಳುವುದು ಹೇಗೆ ಎಂಬ ಯೋಚನೆಯಲ್ಲೇ ದಿನಗಳೆಲ್ಲ ಕಳೆದುಹೋಗಿದ್ದವು, ದಿನ ಗೊತ್ತು ಮಾಡುವವರೆಗೆ ಇಬ್ಬರ ಯೋಚನೆಯೂ ಹೋಗಿರಲಿಲ್ಲ. ಹೋಟೆಲಿನ ಅಕ್ಕ ಗೋಡೆಯ ಕ್ಯಾಲೆಂಡರನ್ನೇ ಮೊಳೆಯಿಂದ ಬಿಚ್ಚಿ ತಂದು ಟೇಬಲಿನ ಮೇಲೆ ಹರಡಿದರು. ಅಮ್ಮ ಶುಕ್ರವಾರ ಅಂದಳು, ಆ ದಿನ ಪುಟ್ಟಿಗೆ ಡ್ಯೂಟಿ. ಗಡಿಯಾರದವರು ಮಳೆಗಾಲ ಮುಗಿಯಲಿ ಎಂದರು, ಅಮ್ಮ ಅಷ್ಟು ದೂರ ಒಪ್ಪಲಿಲ್ಲ. ಮೂರು ತಲೆಗಳು ಕ್ಯಾಲೆಂಡರಿನ ಮೇಲೆ ಬಾಗಿದ್ದವು, ನಾಲ್ಕನೆಯದಾಗಿ ಅಕ್ಕನದೂ ಸೇರಿತು. ಒಳಗಿನಿಂದ ತಂಗಿ, ಕೋಳಿ ಆರ್ತಿದೆ, ಮೊದಲು ತಿನ್ನಿ ಎಂದು ಕೂಗಿದರು.