ಅಲ್ಲಾಡಬೇಡ

ನೊರೆ ತಣ್ಣಗಿದೆ, ಅವನ ಕೆನ್ನೆಯ ಮೇಲೆ ಬ್ರಷ್ಷು ಸುತ್ತುತ್ತಿದೆ, ಎದುರಿನ ಕನ್ನಡಿ ಈ ಬೆಳಿಗ್ಗೆ ಅವನೇ ಕೂರಿಸಿದ್ದು, ಬೀದಿಯ ಅಂಗಡಿಗಳಿಗೆಲ್ಲ ಗಾಜು ಹಾಕುವವನು ಅವನೊಬ್ಬನೇ, ಭೂಮಿ ನಡುಗಿದ ಮೇಲೆ ಎಲ್ಲರ ಕೆಲಸವೂ ನಿಂತುಹೋಯಿತು, ಅವನಿಗೆ ಮಾತ್ರ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ, ಥೂ, ಇದೂ ಒಂದು ಸುಗ್ಗಿಯೇ — ಕನ್ನಡಿಯೊಳಗೆ, ಹೆಗಲ ಹಿಂದೆ, ಕ್ಷೌರದ ಕತ್ತರಿಯಣ್ಣನ ಕೈ ನಡುಗುತ್ತಿದೆ, ಬ್ರಷ್ಷು ನಡುಗಿದರೆ ನೊರೆ ಕಿವಿಗೆ ಹತ್ತುತ್ತದೆ ಅಷ್ಟೇ, ಮುಂದೆ ಕತ್ತಿ ಇದೆ. ಬಾಗಿಲಲ್ಲಿ ಬೀದಿಗೆ ಬೀದಿಯೇ ನಿಂತಿದೆ, ಕಿರಾಣಿ ಅಂಗಡಿ ಅಕ್ಕ, ಚಪ್ಪಲಿ ಅಂಗಡಿಯವನು, ಇವರೇ ಸೇರಿ ಬಿದ್ದುಹೋದ ಈ ಅಂಗಡಿಯ ಗೋಡೆ ಎಬ್ಬಿಸಿದರು, ಕುರ್ಚಿ ತಂದರು, ಬೋರ್ಡಿಗೆ ಬಣ್ಣ ಬಳಿದರು, ಒಬ್ಬರದಾದ ಮೇಲೆ ಇನ್ನೊಬ್ಬರ ಅಂಗಡಿ ಎಂದು ಮಾತಾಗಿತ್ತು, ಆದರೆ ಕುರ್ಚಿಯಲ್ಲಿ ಕೂರುವವರು ಯಾರು ಎಂದಾಗ ಒಬ್ಬೊಬ್ಬರೂ ಗಡ್ಡ ಸವರಿಕೊಂಡು ನಾಳೆ ಬರ್ತೀನಿ ಕಣಣ್ಣ ಅಂದರು. ಈಗ ಒಂದು ಗೀರು ಬಿದ್ದರೂ ಸಾಕು, ಈ ಕುರ್ಚಿಯಲ್ಲಿ ಇನ್ನು ನೊಣವೂ ಕೂರುವುದಿಲ್ಲ. ಅವನು ಕೂರಲೇಬೇಕಿತ್ತು. ಕತ್ತರಿಯಣ್ಣನ ಕೈಗೆ ನಡುಕ ಹತ್ತಿದ್ದೇ ಈ ಗಾಜಿನವನ ತಂಗಿಗಾಗಿ ಮಣ್ಣು ಅಗೆದ ದಿನ, ಗುದ್ದಲಿ ಅವಳಿಗೆ ತಗುಲೀತೆಂದು ಬರಿಗೈಯಲ್ಲೇ ಕಲ್ಲು ಎಳೆದ ಪುಣ್ಯಾತ್ಮ, ಉಗುರು ಕಿತ್ತು ಬಂದರೂ ಹೆಣ ಹೊರಗೆ ಬರುವ ತನಕ ಬಿಡಲಿಲ್ಲ, ಒಡಹುಟ್ಟಿದವನು ಅವನೋ, ಸಂದಿಯೊಳಗೆ ಬಗ್ಗಿ ನೋಡುತ್ತಿದ್ದ, ಕಂಡಿದ್ದು ತಂಗಿಯ ಒಂದು ಬೆರಳು, ಕಿರುಬೆರಳು, ಆಡುತ್ತಿತ್ತು — ಬೇಡ, ಈಗ ಬೇಡ, ಕನ್ನಡಿ ನೋಡು, ಬಲಮೂಲೆ ಕೂದಲೆಳೆಯಷ್ಟು ಓರೆಯಾಗಿದೆ, ಆಮೇಲೆ ಸರಿಮಾಡಬೇಕು.

ಕತ್ತಿ ಗಲ್ಲದ ಕೆಳಗೆ ಬಂತು, ಕತ್ತರಿಯಣ್ಣನ ಬೆವರು ಅವನ ಹಣೆಗೆ ತೊಟ್ಟಿಕ್ಕಿತು, ಆಗಲ್ಲ ಕಣೋ, ಎದ್ಬಿಡು, ಬೋರ್ಡು ಇಳಿಸ್ಬಿಡೋಣ, ಕಿವಿಯ ಹತ್ತಿರ ಪಿಸುಮಾತು, ಸುಮ್ನೆ ಮಾಡಣ್ಣ, ನನ್ ಗಂಟಲೇನು ಗಾಜಾ ಒಡೆದು ಹೋಗೋಕೆ, ಯಾರೂ ನಗಲಿಲ್ಲ, ಅವನಿಗೂ ನಗು ಬರಲಿಲ್ಲ, ಕತ್ತರಿಯಣ್ಣ ಉಸಿರು ಬಿಗಿಹಿಡಿದು ಗಿರಾಕಿಗಳಿಗೆ ದಿನವಿಡೀ ಹೇಳುತ್ತಿದ್ದ ಮಾತನ್ನೇ ಹೇಳಿದ, ಅಲ್ಲಾಡ್ಬೇಡ — ಅಯ್ಯೋ, ಅದೇ ಮಾತು, ಅಂದು ಸಂದಿಗೆ ಬಾಯಿಟ್ಟು ಅವನೂ ಕೂಗಿದ್ದು ಅದನ್ನೇ, ಅಲ್ಲಾಡ್ಬೇಡ ಪುಟ್ಟಿ, ಮೇಲಿನ ಕಲ್ಲು ಜಾರುತ್ತೆ, ಬಂದ್ವಿ ಕಣೇ, ಅಲ್ಲಾಡ್ಬೇಡ, ಹಠಮಾರಿ, ಹುಟ್ಟಿದಾಗಿನಿಂದ ಅಣ್ಣನ ಒಂದು ಮಾತಿಗೂ ಸೊಪ್ಪು ಹಾಕದವಳು, ಕೂತ್ಕೋ ಅಂದರೆ ನಿಲ್ಲುವಳು, ನಿಲ್ಲು ಅಂದರೆ ಓಡುವಳು, ಕತ್ತಿ ಸರಿಯುತ್ತಿದೆ, ಸರ್ ಸರ್, ಒಂದೇ ಸಮನೆ, ಗಂಟಲಗುಂಡಿಯನ್ನೂ ದಾಟಿತು, ಗೀರಿಲ್ಲ, ರಕ್ತವಿಲ್ಲ, ನಿಂತೋಯ್ತು ಕಣ್ರೋ, ನಡುಕ ನಿಂತೋಯ್ತು, ಕಿರಾಣಿ ಅಕ್ಕನ ಕೂಗು, ಯಾರೋ ಚಪ್ಪಾಳೆ ತಟ್ಟುತ್ತಿದ್ದಾರೆ, ನಂಗೂ ಗಡ್ಡ ಮಾಡಣ್ಣ, ನಂಗೂ, ಚಪ್ಪಲಿಯವನು ಆಗಲೇ ಸಾಲು ಹಿಡಿದಿದ್ದಾನೆ, ಕತ್ತರಿಯಣ್ಣ ಅಳುತ್ತಿದ್ದಾನೆ, ಕೈ ಮಾತ್ರ ಅಲುಗುತ್ತಿಲ್ಲ, ಅಂಗಡಿ ಉಳಿಯಿತು, ನಗು ಮಾರಾಯ, ನೀನೂ ನಗಬೇಕು — ಅಲ್ಲಾಡ್ಬೇಡ ಅಂದದ್ದೇ ತಡ, ಜೀವಮಾನದಲ್ಲಿ ಮೊದಲ ಸಲ ಅಣ್ಣನ ಮಾತು ಕೇಳಿದವಳ ಹಾಗೆ, ಬೆರಳು, ಆಡುತ್ತಿದ್ದ ಬೆರಳು, ನಿಂತಿತು.